ಉಗುರು ಪಾಸ್ಟರೂ ಅಪ್ಪ ಕಟ್ಟಿದ ತೊಟ್ಟಿಯೂ

ಆ ದಿನ ಪಾಸ್ಟರ್ ಕೈ ಎತ್ತಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಾಳೆ. ನಾನೇನು ಇಟ್ಟುಕೊಂಡಿಲ್ಲ, ಅದೇ ಬಂದು ಕೂತಿದೆ, ಎದ್ದು ಹೋಗು ಎಂದರೆ ಹೋಗುವುದಿಲ್ಲ.

ಅವರ ಬಗ್ಗೆ ಕೆಟ್ಟದ್ದು ಬರೆಯಲು ಕೂತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅವರಂಥ ಮನುಷ್ಯ ನಮ್ಮ ಬೀದಿಯಲ್ಲಿ ಅವರಿಗಿಂತ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ. ಅದಕ್ಕೇ ಸಿಟ್ಟು. ಕೆಟ್ಟವನು ಕೈ ಎತ್ತದಿದ್ದರೆ ನಾನು ಅವತ್ತೇ ಮರೆತು ವೆಲ್ಡಿಂಗ್ ಮಾಡಿಕೊಂಡು ಇರುತ್ತಿದ್ದೆ.

ನಮ್ಮದು ಬ್ಯಾಪ್ಟಿಸ್ಟ್ ಸಭೆ. ದೊಡ್ಡ ಗೋಪುರ, ಗಂಟೆ ಎಲ್ಲ ಇಲ್ಲ. ಟೈರ್ ಅಂಗಡಿಗೂ ನನ್ನ ವೆಲ್ಡಿಂಗ್ ಶಾಪಿಗೂ ನಡುವೆ ಹಿಂದೆ ಹತ್ತಿಯ ಗೋದಾಮಾಗಿದ್ದ ಒಂದು ಉದ್ದನೆಯ ಕೋಣೆ. ತಗಡಿನ ಮಾಡು, ಮರದ ಬೆಂಚು, ಮುಂದೆ ಹಲಗೆಯ ವೇದಿಕೆ. ಪಾಸ್ಟರಿಗೆ ಜನ ಇಟ್ಟ ಹೆಸರು ಉಗುರು ಪಾಸ್ಟರ್. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರು ಓ ಎನ್ನುತ್ತಿದ್ದರು.

ಅವರಿಗೆ ಹೆತ್ತವರಿಲ್ಲ, ದೊಡ್ಡಮ್ಮನ ಕೈಯಲ್ಲಿ ಬೆಳೆದವರು. ಮೀಸೆ ಸರಿಯಾಗಿ ಮೂಡುವ ಮೊದಲೇ ದೊಡ್ಡಾಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದರು. ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ಸತ್ತವರನ್ನು ಕೆಳಗಿನ ಕೋಣೆಗೆ ತಳ್ಳಿಕೊಂಡು ಹೋಗುವುದು. ಅಲ್ಲಿ ಅವರು ನೋಡಿದ್ದೇನೆಂದರೆ, ಮಲಗಿದಲ್ಲೇ ಇರುವ ಮುದುಕರಿಗೆ ಊಟ ಕೊಡುವವರಿದ್ದಾರೆ, ಮಾತ್ರೆ ಕೊಡುವವರಿದ್ದಾರೆ, ಕಾಲಿನ ಉಗುರು ಕತ್ತರಿಸುವವರು ಮಾತ್ರ ಯಾರೂ ಇಲ್ಲ. ಹೆಬ್ಬೆರಳಿನ ಉಗುರು ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡು ಪಕ್ಕದ ಬೆರಳಿಗೆ ಚುಚ್ಚುತ್ತಿರುತ್ತದೆ. ಹೆತ್ತ ಮಕ್ಕಳೂ ಮೂಗು ಮುಚ್ಚಿಕೊಂಡು ಆ ಕಡೆ ನೋಡುವುದಿಲ್ಲ.

ಆಮೇಲೆ ಅವರು ಓದಿ, ಸಭೆಯವರು ಕರೆದು ಪಾಸ್ಟರಾದ ಮೇಲೂ ಸೋಮವಾರ ಬಂತೆಂದರೆ ಒಂದು ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ಡಬ್ಬಿಯಲ್ಲಿ ಒಂದು ಉಗುರು ಕತ್ತರಿ, ತಂತಿ ಕತ್ತರಿಸುವಂಥ ಇಕ್ಕಳ, ಅರ, ಸೋಪು, ಹಳೆಯ ಟವೆಲ್ಲು. ಆ ಇಕ್ಕಳದ ಬಾಯಿ ಮೊಂಡಾದಾಗಲೆಲ್ಲ ನನ್ನ ಶಾಪಿನ ಚಕ್ರಕ್ಕೆ ಹಿಡಿದು ಮಸೆದುಕೊಟ್ಟವನು ನಾನೇ. ಮನೆಗೆ ಹೋಗಿ ನೆಲಕ್ಕೆ ಕೂತು, ಮುದುಕರ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ನೆನೆಸಿ, ಉಗುರು ಮೆತ್ತಗಾಗುವ ತನಕ ಊರ ಸುದ್ದಿ ಮಾತಾಡುತ್ತಿದ್ದರು. ನಮ್ಮ ಸಭೆಯವರು, ಬೇರೆಯವರು ಎಂಬ ಭೇದ ಇರಲಿಲ್ಲ. ದೇವರ ಮಾತು ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಬೋಧನೆ ಭಾನುವಾರಕ್ಕೆ, ಸೋಮವಾರ ಉಗುರಿಗೆ" ಎನ್ನುತ್ತಿದ್ದರು.

ಭಾನುವಾರದ ಬೋಧನೆ ಹೇಗಿತ್ತು ಎಂದು ಕೇಳಬೇಡಿ. ನಿದ್ದೆ ಬಾರದವರು ಬಂದು ಕೂರಬೇಕು, ಅಷ್ಟು ಚೆನ್ನಾಗಿತ್ತು. ಒಂದು ಸಲ ಅರ್ಧಕ್ಕೆ ನಿಲ್ಲಿಸಿ, "ಇವತ್ತು ನನಗೇ ಬೇಜಾರಾಗ್ತಿದೆ, ಹಾಡೋಣ" ಎಂದುಬಿಟ್ಟರು. ಹಾಡಲು ಅವರೇ ಶುರು ಮಾಡಿದ್ದರಿಂದ ಅದೂ ಕೆಟ್ಟಿತು. ಪಾಸ್ಟರಮ್ಮ, ಅಂದರೆ ಅವರ ಹೆಂಡತಿ, ಮುಂದಿನ ಬೆಂಚಿನಿಂದ, "ನೀವು ಬಾಯಿ ಆಡಿಸಿ ಸಾಕು, ಸ್ವರ ನಾವು ಹಾಕ್ತೀವಿ" ಎಂದದ್ದು ಹಿಂದಿನ ಸಾಲಿನ ತನಕ ಕೇಳಿಸಿತು.

ಈಗ ನನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ.

ಅಪ್ಪ ಗಾರೆ ಮೇಸ್ತ್ರಿ. ಎತ್ತರದ ಆಳು, ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅಮ್ಮ ಮದುವೆಗೆ ಮೊದಲೇ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದವಳು, ನಾನೂ ಅಕ್ಕನೂ ವಯಸ್ಸಿಗೆ ಬಂದ ಮೇಲೆ ಪಡೆದೆವು. ಅಪ್ಪ ಮಾತ್ರ ಒಲ್ಲೆ ಎಂದ. ಆದರೆ ಭಾನುವಾರ ತಪ್ಪಿಸುತ್ತಿರಲಿಲ್ಲ. ಅಮ್ಮನ ಪಕ್ಕದಲ್ಲಿ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿಯ ಚೂರುಗಳನ್ನು ಇಟ್ಟ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ದೀಕ್ಷಾಸ್ನಾನ ಆದವರು ಒಂದು ಚೂರು ತೆಗೆದುಕೊಂಡು ಮುಂದಿನವರಿಗೆ ಕೊಡುತ್ತಾರೆ. ಆಗದವರು ತೆಗೆದುಕೊಳ್ಳುವ ಹಾಗಿಲ್ಲ. ಅಮ್ಮ ತೆಗೆದುಕೊಂಡು ಅಪ್ಪನ ಕೈಗೆ ತಟ್ಟೆ ಕೊಡುತ್ತಿದ್ದಳು. ಅಪ್ಪ ಅದನ್ನು ತುಂಬಿದ ಬಾಂಡ್ಲಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ಒಂದು ಚೂರನ್ನೂ ಮುಟ್ಟದೆ, ಆ ಕಡೆಯವರಿಗೆ ದಾಟಿಸುತ್ತಿದ್ದ. ಮದುವೆಯಾದಾಗಿನಿಂದ ಹೀಗೇ. ಅಮ್ಮ ಒಂದು ದಿನವೂ ಬನ್ನಿ, ಸೇರಿ ಎಂದು ಪೀಡಿಸಲಿಲ್ಲ. ಆದರೆ ಆ ತಟ್ಟೆ ಕೊಡುವಾಗ ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ, ಅದು ನನಗೆ ಗೊತ್ತು.

ವಯಸ್ಸಾದ ಮೇಲೆ ಅಪ್ಪ ಗೋಡೆ ಕಟ್ಟುವಾಗ ಸಾರುವೆಯ ಮೇಲಿನಿಂದ ಬಿದ್ದ. ಮಂಡಿ ಚೂರಾಗಿ, ಕೂಡಿಕೊಂಡ ಮೇಲೆ ಮಡಚದೆ ಹೋಯಿತು. ಎಡಗಾಲು ಕಂಬದ ಹಾಗೆ ನೆಟ್ಟಗೆ. ಎದೆಯಲ್ಲಿ ಜೀವಮಾನದ ಸಿಮೆಂಟಿನ ಧೂಳು ಬೇರೆ, ಉಸಿರು ಸಿಳ್ಳೆ ಹಾಕುತ್ತಿತ್ತು. ಮಲಗಿದವನ ಹತ್ತಿರ ಸೋಮವಾರ ಸೋಮವಾರ ಪಾಸ್ಟರ್ ಡಬ್ಬಿ ಹಿಡಿದು ಬರುತ್ತಿದ್ದರು. ಇಬ್ಬರೂ ಸೇರಿದರೆ ಬರೀ ಜಗಳ.

"ಮೇಸ್ತ್ರಿಗಳೇ, ಇದು ಉಗುರಾ, ಕಡಪ ಕಲ್ಲಾ?"

"ನಿಮ್ಮ ಬೋಧನೆಗಿಂತ ಮೆತ್ತಗಿದೆ, ಕತ್ತರಿಸಿ."

ಒಂದು ಸೋಮವಾರ ಅಪ್ಪ ಇದ್ದಕ್ಕಿದ್ದ ಹಾಗೆ, "ಪಾಸ್ಟ್ರೇ, ನನ್ನನ್ನೂ ಮುಳುಗಿಸಿಬಿಡಿ. ತಟ್ಟೆ ದಾಟಿಸಿ ದಾಟಿಸಿ ಸಾಕಾಯ್ತು" ಎಂದ.

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಪಾತ್ರೆ ಬಿತ್ತು. ಪಾಸ್ಟರ್ ತಲೆ ಎತ್ತದೆ ಕಿರುಬೆರಳಿನ ಉಗುರು ಮುಗಿಸಿ ಕೇಳಿದರು, "ಹೆಂಡತಿಗೋಸ್ಕರ ಕೇಳ್ತಿದ್ದೀರಾ, ದೇವರಿಗೋಸ್ಕರಾನಾ?"

"ಗೋಡೆ ಎದ್ದ ಮೇಲೆ ಯಾವ ಇಟ್ಟಿಗೆ ಮೊದಲು ಇಟ್ಟೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಎದ್ದಿದೆ, ನೆಟ್ಟಗಿದೆಯಾ ಅಂತ ತೂಗುಗುಂಡು ಹಿಡಿದು ನೋಡಿ."

ಪಾಸ್ಟರ್ ನಕ್ಕರು. ಆಮೇಲೂ ಹಲವು ಸೋಮವಾರ ಕೂತು ಅವನ ನಂಬಿಕೆಯ ಮಾತೆಲ್ಲ ಕೇಳಿ ತಿಳಿದೇ ಒಪ್ಪಿಕೊಂಡರು. ತಣ್ಣೀರು ಎದೆಗೆ ಆಗುವುದಿಲ್ಲ, ನೆಗಡಿ ಹಿಡಿದರೂ ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಅಪ್ಪ ಕೇಳಲಿಲ್ಲ. ಉಸಿರು ಇರುವಾಗಲೇ ಒಂದು ಸಲ ಅಮ್ಮನ ಪಕ್ಕ ಕೂತು ಆ ರೊಟ್ಟಿ ತಿನ್ನಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮ ಸಭೆಯಲ್ಲಿ ತಲೆಗೆ ನೀರು ಚಿಮುಕಿಸಿದರೆ ನಡೆಯುವುದಿಲ್ಲ. ಇಡೀ ಮೈ ಮುಳುಗಬೇಕು. ಹಳೆಯ ಮನುಷ್ಯನನ್ನು ಹೂಳುವುದು, ಹೊಸಬನನ್ನು ಎಬ್ಬಿಸುವುದು, ಅದು ಅದರ ಅರ್ಥ. ಅದಕ್ಕೆಂದೇ ವೇದಿಕೆಯ ಹಲಗೆಗಳ ಕೆಳಗೆ ಒಂದು ತೊಟ್ಟಿ ಇದೆ. ಆ ತೊಟ್ಟಿ ಕಟ್ಟಿದವನು ನನ್ನ ಅಪ್ಪನೇ. ಪಾಸ್ಟರ್ ಈ ಊರಿಗೆ ಹೊಸದಾಗಿ ಬಂದಾಗ ಕಟ್ಟಿಸಿದ್ದು. ಎಷ್ಟು ಉದ್ದ ಬೇಕು ಎಂದು ಅಪ್ಪ ಕೇಳಿದ್ದಕ್ಕೆ ಪಾಸ್ಟರ್ ಅಲ್ಲೇ ಮರಳಿನ ಮೇಲೆ ಉದ್ದಕ್ಕೆ ಮಲಗಿ, "ಇಷ್ಟು" ಎಂದರಂತೆ. ಅಪ್ಪ ತಲೆಯ ಹತ್ತಿರ ಒಂದು ಗೆರೆ, ಕಾಲಿನ ಹತ್ತಿರ ಒಂದು ಗೆರೆ ಎಳೆದು ಕಟ್ಟಿಬಿಟ್ಟ. ಪಾಸ್ಟರ್ ಗಿಡ್ಡ ಮನುಷ್ಯ, ನನ್ನ ಭುಜಕ್ಕೆ ಬರುತ್ತಿದ್ದರು. ಮಂಡಿ ಮಡಚುವವರಿಗೆ ಅಷ್ಟರಲ್ಲೇ ಆಗುತ್ತಿತ್ತು, ಯಾರಿಗೂ ಅದು ತಪ್ಪು ಎಂದು ಅನಿಸಲೇ ಇಲ್ಲ.

ದೀಕ್ಷಾಸ್ನಾನದ ಭಾನುವಾರ ಅಪ್ಪನನ್ನು ನಾನೂ ಟೈರ್ ಅಂಗಡಿಯವನೂ ಹಿಡಿದು ಮೆಟ್ಟಿಲು ಇಳಿಸಿದೆವು. ಪಾಸ್ಟರ್ ಒಂದು ಕೈ ಕುತ್ತಿಗೆಯ ಹಿಂದೆ ಕೊಟ್ಟು ಅವನನ್ನು ಹಿಂದಕ್ಕೆ ಬಾಗಿಸಿದರು. ತಲೆ ಇನ್ನೇನು ಗೋಡೆಗೆ ಬಡಿಯಬೇಕು, ಮುಂದಕ್ಕೆ ಎಳೆದುಕೊಂಡರು. ಎಳೆದ ತಕ್ಷಣ ಆ ಕಡೆ ಮಡಚದ ಎಡಗಾಲು ಎದುರು ಗೋಡೆಗೆ ಒತ್ತಿ ನೀರಿನಿಂದ ಮೇಲಕ್ಕೆ ಎದ್ದಿತು. ತಲೆ, ಎದೆ, ಹೊಟ್ಟೆ ಎಲ್ಲ ಮುಳುಗಿದವು. ಹಿಮ್ಮಡಿ ಮಾತ್ರ ಸಭೆಗೆಲ್ಲ ಕಾಣುವ ಹಾಗೆ ಗಾಳಿಯಲ್ಲಿ. ಅಪ್ಪ ಕೆಮ್ಮುತ್ತಾ ಎದ್ದ. ಜನ ಹಾಡು ಶುರು ಮಾಡಿದರು. ಹಾಡು ಮುಗಿಯುವ ಮೊದಲೇ ಮುಂದಿನ ಸಾಲಿನಲ್ಲಿ ಟೇಪು ಎದ್ದು ನಿಂತಿದ್ದ.

ಟೇಪು ಎಂದರೆ ನಮ್ಮ ಸಭೆಯ ಹಿರಿಯ ಡೀಕನ್, ಸಭೆಯ ಕೆಲಸಕಾರ್ಯ ನೋಡಿಕೊಳ್ಳುವವನು. ಕಸುಬು ಟೈಲರ್, ಅಳತೆ ಟೇಪು ಕುತ್ತಿಗೆಯಿಂದ ಇಳಿಯುತ್ತಲೇ ಇರಲಿಲ್ಲ. ಅವತ್ತು ಸಾಯಂಕಾಲವೇ ಸಭೆಯ ಸದಸ್ಯರೆಲ್ಲ ಕೂತೆವು. ನಮ್ಮಲ್ಲಿ ಪಾಸ್ಟರ್ ಹೇಳಿದ್ದೇ ಕೊನೆಯ ಮಾತಲ್ಲ. ಎಲ್ಲಕ್ಕೂ ಕೈ ಎತ್ತಿ ತೀರ್ಮಾನ ಆಗಬೇಕು.

"ಮೇಸ್ತ್ರಿ ಮೇಲೆ ನನಗೆ ದ್ವೇಷ ಇಲ್ಲ" ಎಂದ ಟೇಪು. "ಆದ್ರೆ ನೋಡಿದ್ದನ್ನ ನೋಡಿಲ್ಲ ಅನ್ನೋಕಾಗಲ್ಲ. ಕಾಲು ಹೊರಗಿತ್ತು. ಹೆಣ ಹೂಳುವಾಗ ಪಾದ ಹೊರಗೆ ಬಿಟ್ಟು ಮಣ್ಣು ಮುಚ್ತೀವಾ?"

"ನಿನ್ನ ಹೂಳುವಾಗ ನಾಲಿಗೆ ಹೊರಗೆ ಬಿಡ್ತೀವಿ, ಅದು ಸಾಯಲ್ಲ" ಎಂದೆ ನಾನು.

"ಕಿಡಿ, ಕೂತ್ಕೋ" ಎಂದರು ಪಾಸ್ಟರ್. ಕಿಡಿ ನಾನು, ಕಸುಬಿಗೂ ಸ್ವಭಾವಕ್ಕೂ ಸೇರಿಸಿ ಇಟ್ಟ ಹೆಸರು.

"ಒಂದು ತೋಳು ಬಿಟ್ಟು ಅಂಗಿ ಹೊಲ್ಕೊಟ್ರೆ ನೀನು ಹಾಕ್ಕೊಳ್ತೀಯಾ?" ಎಂದು ಟೇಪು ನನಗೇ ತಿರುಗಿಸಿ ಕೇಳಿದ. ಯಾರೋ ನಕ್ಕರು. ಅಪ್ಪ ಹೊರಗಿನ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ತೆಳು ತಗಡಿನ ಬಾಗಿಲು, ಎಲ್ಲಾ ಕೇಳಿಸುತ್ತಿತ್ತು.

ದೀಕ್ಷಾಸ್ನಾನ ಆಯಿತು ಎನ್ನುವವರು ಕೈ ಎತ್ತಿದರು, ಆಗಲಿಲ್ಲ ಎನ್ನುವವರು ಎತ್ತಿದರು. ಎರಡೂ ಕಡೆ ಸಮ. ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಪಾಸ್ಟರ್, ಅವರ ಕೈ ಒಂದು ಬಾಕಿ. ಎಲ್ಲರೂ ಅವರನ್ನೇ ನೋಡಿದೆವು. ಅವರು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಾ ಕೂತರು.

ಹಾಗಾಗಿ ತೀರ್ಮಾನ ಬಿದ್ದುಹೋಯಿತು. ಅಪ್ಪ ಸದಸ್ಯನಲ್ಲ.

ಹೊರಗೆ ಬಂದು ನಾನು ಪಾಸ್ಟರಿಗೆ ಅಡ್ಡ ನಿಂತೆ. "ಊರಿನವರ ಕಾಲೆಲ್ಲ ತೊಳೀತೀರಿ. ನಮ್ಮಪ್ಪನ ಕಾಲಿಗೆ ಒಂದು ಕೈ ಎತ್ತೋಕಾಗಲಿಲ್ವಾ?"

"ಎತ್ತಿದ್ರೆ ಗೆಲ್ತಿತ್ತು" ಎಂದರು. "ಆಮೇಲೆ? ನಿಮ್ಮಪ್ಪ ರೊಟ್ಟಿ ಬಾಯಿಗಿಟ್ಕೊಳ್ಳುವಾಗ ಅರ್ಧ ಸಭೆ ಅವರ ಕಾಲು ನೋಡ್ತಾ ಕೂತಿರುತ್ತೆ. ಅಂಥ ರೊಟ್ಟಿ ಅವರಿಗೆ ಬೇಡ ಕಿಡಿ. ಸರಿಯಾಗಿ ಮುಳುಗಿಸ್ತೀನಿ."

"ಅಷ್ಟರೊಳಗೆ ಅವನು ಇಲ್ದೆ ಹೋದ್ರೆ?"

ಅವರ ಮಾತು ಸರಿಯೇ ಇರಬಹುದು. ಆದರೆ ಸಿಳ್ಳೆ ಹಾಕುತ್ತಿದ್ದದ್ದು ನನ್ನ ಅಪ್ಪನ ಎದೆ, ಅವರದಲ್ಲ. ಅಂದು ಚಳಿಗೆ ಅಪ್ಪನಿಗೆ ಜ್ವರ ಬಂತು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, "ಬಿಟ್ಬಿಡಿ, ತಟ್ಟೆ ದಾಟಿಸೋದೇ ನನಗೆ ಅಭ್ಯಾಸ" ಎಂದ. ಅಮ್ಮ ಎರಡು ದಿನ ಊಟ ಬಿಟ್ಟಳು.

ಜ್ವರ ಇಳಿಯುವಷ್ಟರಲ್ಲಿ ಮುಂದಿನ ಭೋಜನದ ಭಾನುವಾರ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಪಾಸ್ಟರ್ ಶಾಪಿಗೆ ಬಂದು, "ಬಾ, ನನ್ನ ಮುಳುಗಿಸು" ಎಂದರು.

ನಾನು ಕನ್ನಡಕ ಮೇಲಕ್ಕೆತ್ತಿ ನೋಡಿದೆ. ತಮಾಷೆಯಲ್ಲ. ಹೋಗಿ ನೋಡಿದರೆ ವೇದಿಕೆಯ ಹಲಗೆ ತೆಗೆದಿದ್ದಾರೆ, ತೊಟ್ಟಿಗೆ ನೀರು ಬಿಟ್ಟಿದ್ದಾರೆ. ತಮ್ಮ ಎಡಗಾಲಿಗೆ ಸೊಂಟದಿಂದ ಕೆಳಗಿನ ತನಕ ಒಂದು ಮರದ ರಿಪೀಸು ಪಟ್ಟಿ ಕಟ್ಟಿಕೊಂಡರು. ಅಪ್ಪನ ಉದ್ದಕ್ಕೆ ಸರಿಹೋಗಲಿ ಎಂದು ಪಟ್ಟಿ ಪಾದದಿಂದ ಆಚೆಗೂ ಚಾಚಿಕೊಂಡಿತ್ತು. "ಈಗ ನಾನು ಮೇಸ್ತ್ರಿ, ನೀನು ಪಾಸ್ಟರ್. ಹ್ಞೂಂ."

ನನಗೆ ಸಿಟ್ಟು ಇತ್ತಲ್ಲ, ಮೊದಲನೇ ಸಲ ಸ್ವಲ್ಪ ಜೋರಾಗಿಯೇ ಅದ್ದಿದೆ. ಪಟ್ಟಿ ಮೇಲಕ್ಕೆ ಎದ್ದು ನನ್ನ ಗಲ್ಲಕ್ಕೆ ಬಡಿಯಿತು. ಪಾಸ್ಟರ್ ನೀರು ಉಗುಳುತ್ತಾ, "ಇದು ದೀಕ್ಷಾಸ್ನಾನ ಅಲ್ಲ, ಬಟ್ಟೆ ಒಗೆಯೋದು" ಎಂದರು. ಪಕ್ಕಕ್ಕೆ ಮಲಗಿಸಿ ನೋಡಿದೆವು, ಮುಂದಕ್ಕೆ ಬಗ್ಗಿಸಿ ನೋಡಿದೆವು. ತಗಡಿನ ಮೇಲೆ ಬಿಸಿಲಿದ್ದರೂ ತೊಟ್ಟಿಯ ನೀರು ಕೊರೆಯುತ್ತಿತ್ತು. ಅವರ ತುಟಿ ನೀಲಿಯಾಯಿತು.

"ಸಾಕು ಪಾಸ್ಟ್ರೇ, ನಿಮಗೇ ಏನಾದ್ರೂ ಆಗುತ್ತೆ."

"ಮೇಸ್ತ್ರಿ ನಾನು. ಪಾಸ್ಟರ್ ನೀನು, ನಿನಗೆ ನೀನೇ ಹೇಳ್ಕೋ."

ಪಾಸ್ಟರಮ್ಮ ಟವೆಲ್ ಹಿಡಿದು ಬಾಗಿಲಲ್ಲಿ ನಿಂತು, "ಇವರನ್ನ ಅಲ್ಲೇ ಬಿಟ್ಟು ಹಲಗೆ ಮುಚ್ಚಿಬಿಡಪ್ಪಾ, ನನಗೂ ನೆಮ್ಮದಿ" ಎಂದರು. ಹಾಗೆಂದವರು ಅಲ್ಲಿಂದ ಕದಲಲಿಲ್ಲ.

ಕೊನೆಗೆ ಪಾಸ್ಟರ್ ಮೂಲೆಗೆ ತಲೆ ಮಾಡಿ ಮಲಗಿದರು. ತೊಟ್ಟಿಯ ಒಂದು ಮೂಲೆಯಲ್ಲಿ ತಲೆ, ಎದುರು ಮೂಲೆಯಲ್ಲಿ ಕಾಲು. ಆದರೂ ಪಟ್ಟಿ ತೇಲಿತು, ಗೋಡೆಗೆ ಮಾತ್ರ ತಾಗಲಿಲ್ಲ. ನಾನು ಒಂದು ಕೈಯಲ್ಲಿ ಒತ್ತಿ ಹಿಡಿದೆ. ಅವರು ಪೂರಾ ಮುಳುಗಿದರು. ಮೇಲೆ ಬಂದವರೇ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆ ವಾರವೆಲ್ಲ ಅವರಿಗೆ ಕೆಮ್ಮು. ಸೋಮವಾರದ ಡಬ್ಬಿ ಮಾತ್ರ ನಿಲ್ಲಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋದರು.

ಭೋಜನದ ಭಾನುವಾರ ಬೆಳಿಗ್ಗೆ ನಾನು ಚರ್ಚಿಗೆ ಹೋದರೆ ಹಿಂದಿನ ಅಂಗಳದಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ನೀರು ಕುದಿಯುತ್ತಿತ್ತು. ಬಕೆಟ್ಟು ಹೊತ್ತು ತೊಟ್ಟಿಗೆ ಸುರಿಯುತ್ತಿದ್ದವನು ಯಾರು ಅಂತೀರಿ? ಟೇಪು. ಬೆವರು ಇಳಿಯುತ್ತಿತ್ತು.

"ಏನೋ, ಪಾಪ ತೊಳ್ಕೊಳ್ತಿದ್ದೀಯಾ?" ಎಂದೆ.

"ನೀರು ಬೆಚ್ಚಗಿರಬಾರದು ಅಂತ ಎಲ್ಲೂ ಬರೆದಿಲ್ಲ" ಎಂದ. "ದಾರಿ ಬಿಡು, ಸುಡುತ್ತೆ."

ಪಾಸ್ಟರ್ ಟೇಪುವನ್ನು ಕರೆದು ತೊಟ್ಟಿಯ ಅಂಚಿನಲ್ಲೇ ನಿಲ್ಲಿಸಿದರು. "ನೀವೇ ನೋಡಿ ಹೇಳಬೇಕು." ಅಪ್ಪ ಇಳಿದ. ನಾನು ಕಾಲಿನ ಕಡೆ ನಿಂತೆ. ನನ್ನನ್ನು ಹೆಗಲ ಮೇಲೆ ಹೊತ್ತು ಸಾರುವೆ ಹತ್ತಿದ ಕಾಲು ಅದು. ನೀರಿನೊಳಗೆ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಪಾಸ್ಟರ್ ಮೆಲ್ಲಗೆ ಬಾಗಿಸಿದರು. ಅಪ್ಪನ ಮುಖ ಮುಳುಗಿತು, ಎದೆ, ಮಂಡಿ, ಪಾದ. ಟೇಪು ಬಗ್ಗಿ ಬಗ್ಗಿ ನೋಡುತ್ತಾ ತನ್ನ ಕನ್ನಡಕವನ್ನು ನೀರಿಗೆ ಬೀಳಿಸಿಕೊಂಡ.

"ಪೂರ್ತಿ!" ಎಂದು ಕೂಗಿದ. "ಪೂರ್ತಿ ಮುಳುಗಿದೆ! ನನ್ನ ಕನ್ನಡಕಾನೂ ಮುಳುಗ್ತು!"

ಇಡೀ ಸಭೆ ನಕ್ಕಿತು. ಅಪ್ಪ ಬೆಚ್ಚಗಿನ ನೀರಿನಿಂದ ಎದ್ದು ನಿಂತು ತಾನೂ ನಕ್ಕ. ಕೆಮ್ಮಲಿಲ್ಲ. ಅವತ್ತು ಎಲ್ಲ ಕೈಗಳೂ ಎದ್ದವು.

ಬಟ್ಟೆ ಬದಲಿಸಿಕೊಂಡು ಬಂದು ಅಮ್ಮನ ಪಕ್ಕ ಕೂತ. ತಟ್ಟೆ ಬಂತು. ಅಮ್ಮ ಒಂದು ಚೂರು ತೆಗೆದುಕೊಂಡು ಅಪ್ಪನಿಗೆ ಕೊಟ್ಟಳು. ಅಪ್ಪ ಎರಡೂ ಕೈಯಲ್ಲಿ ಹಿಡಿದು, ಯಾವತ್ತಿನ ಹಾಗೆ, ಹಾಗೇ ನನ್ನ ಕೈಗೆ ದಾಟಿಸಿಬಿಟ್ಟ. ಜೀವಮಾನದ ಅಭ್ಯಾಸ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪಾಸ್ಟರ್ ಮುಂದೆ ಮೇಜಿನ ಹತ್ತಿರ ನಿಂತು ಕಾದರು, ಇಡೀ ಸಭೆಯೂ ಕಾಯಿತು.

"ರೀ, ತಟ್ಟೆ ವಾಪಸ್ ಇಸ್ಕೊಳ್ಳಿ" ಎಂದಳು ಅಮ್ಮ, ಅವನ ಮುಖವನ್ನೇ ನೋಡುತ್ತಾ. "ಇವತ್ತು ನಿಮಗೂ ಇದೆ."

ಅಪ್ಪ ನನ್ನ ಕೈಯಿಂದ ತಟ್ಟೆ ಇಸಿದುಕೊಂಡ. ಯಾವ ಚೂರು ತೆಗೆದುಕೊಳ್ಳಬೇಕು ಎಂದು ಇಟ್ಟಿಗೆ ಆರಿಸುವವನ ಹಾಗೆ ನೋಡಿ, ಎಲ್ಲಕ್ಕಿಂತ ಸಣ್ಣದನ್ನು ತೆಗೆದುಕೊಂಡ. ಇಬ್ಬರೂ ಒಟ್ಟಿಗೆ ತಿಂದರು. ಆಮೇಲೆ ಇನ್ನೂ ಕೆಲವು ಭೋಜನದ ಭಾನುವಾರ ಅವನಿಗೆ ಸಿಕ್ಕವು. ಮಳೆಗಾಲ ಮುಗಿಯುವ ಹೊತ್ತಿಗೆ ಉಸಿರು ನಿಂತಿತು. ಪಾಸ್ಟರೇ ಬಂದು ಅವನನ್ನು ತೊಳೆದು ಮಲಗಿಸಿದರು. ಬೇರೆಯವರನ್ನು ಮುಟ್ಟಲು ಬಿಡಲಿಲ್ಲ.

ಆದರೆ ಸಾಯುವ ಮೊದಲು ಅಪ್ಪನಿಗೂ ಅವರಿಗೂ ಒಂದು ಜಗಳ ಹತ್ತಿತ್ತು. ತೊಟ್ಟಿ ಒಂದು ಗೇಣು ಗಿಡ್ಡ. ಅದನ್ನು ಒಡೆದು ಉದ್ದ ಮಾಡಬೇಕು. ಯಾರ ಬಾಬ್ತು?

"ಗೆರೆ ಎಳೆದವನು ನಾನು. ಒಂದು ಗೇಣು ನನ್ನ ಮೇಲಿನ ಬಾಕಿ" ಎನ್ನುತ್ತಿದ್ದ ಅಪ್ಪ. "ಕಾಲು ಒಂಚೂರು ಸರಿಹೋಗಲಿ, ಬಂದು ಗೋಡೆ ಒಡೀತೀನಿ."

"ಅಳತೆಗೆ ಮಲಗಿದವನು ನಾನು" ಎನ್ನುತ್ತಿದ್ದರು ಪಾಸ್ಟರ್. "ನನ್ನ ಉದ್ದವೇ ಲೋಕದ ಉದ್ದ ಅಂದ್ಕೊಂಡಿದ್ದು ನನ್ನ ತಪ್ಪು. ಬಾಕಿ ನಂದು. ನಿಮ್ಮ ಹತ್ರ ಕೆಲಸ ಮಾಡಿಸ್ಕೊಳ್ಳಲ್ಲ."

"ನಿಮಗೆ ಕರಣೆ ಹಿಡಿಯೋಕೆ ಬರುತ್ತಾ?"

"ನಿಮಗೆ ಸೋಲೋಕೆ ಬರುತ್ತಾ?"

ಅಪ್ಪ ಹೋದ ಮೇಲೆ ನಾನು ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ ಗೋಡೆಯ ಮುಂದೆ ನಿಂತೆ. ಪಾಸ್ಟರ್ ಬಿಡಲಿಲ್ಲ. "ನಿಮ್ಮಪ್ಪನ ಬಾಕಿ ಅಂತ ಒಡೆಯೋದಾದ್ರೆ ಬೇಡ. ನನ್ನ ಬಾಕಿ ಅಂತ ಒಪ್ಕೊಂಡು ಒಡೆಯೋದಾದ್ರೆ ಒಡಿ."

ನಾನು ಒಪ್ಪುತ್ತೇನೆಯೇ? ಕೂಗಾಡಿ ಸುತ್ತಿಗೆ ಎತ್ತಿಕೊಂಡು ಬಂದೆ. ಹೀಗೆ ವರ್ಷಗಟ್ಟಲೆ ನಡೆಯಿತು. ಒಂದು ಸೋಮವಾರ ಅವರು ಯಾರದೋ ಮನೆಯಲ್ಲಿ, ಬೋಗುಣಿಗೆ ಹಾಕುವ ನೀರು ಬಿಸಿಯಾಗಲಿ ಎಂದು ಗೋಡೆಗೆ ಒರಗಿ ಕೂತವರು ಏಳಲಿಲ್ಲ.

ಈಗ ಬಂದಿರುವ ಪಾಸ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಗೋಡೆ ಒಡೆಯಿರಿ, ನನ್ನದೇನೂ ಅಡ್ಡಿಯಿಲ್ಲ ಎನ್ನುತ್ತಾರೆ. ಟೇಪು ಕೂಡ ಒಪ್ಪಿದ್ದಾನೆ. ಆದರೆ ಯಾರ ಬಾಕಿ ಎಂದು ಒಡೆಯಲಿ? ಅಪ್ಪನದು ಎಂದರೆ ಪಾಸ್ಟರ್ ಸೋತ ಹಾಗೆ, ಪಾಸ್ಟರದು ಎಂದರೆ ಅಪ್ಪ ಸೋತ ಹಾಗೆ. ಇಬ್ಬರೂ ಒಪ್ಪುವ ಮನುಷ್ಯರಲ್ಲ. ಉದ್ದನೆಯವರು ಯಾರಾದರೂ ದೀಕ್ಷಾಸ್ನಾನಕ್ಕೆ ಬಂದರೆ ಮೂಲೆಯಿಂದ ಮೂಲೆಗೆ ಮಲಗಿಸುತ್ತಾರೆ. ಗೋಡೆ ಹಾಗೇ ಇದೆ. ಒಂದು ಗೇಣು ಇನ್ನೂ ತೀರಿಲ್ಲ.